ಐದನೆಯ ಡಿಸ್ಕು

ಒಂದರಲ್ಲಿ ಹಿಡಿಸಲಿಲ್ಲ. ಬಿಶ್ಕೇಕಿನ ಬಾಡಿಗೆ ಕೋಣೆಯಲ್ಲಿ
ತಮ್ಮ ಎರ್ಮೆಕ್ ಅದನ್ನು ಆರು ಮಾಡಿದ.
ಬೆನ್ನಿಗೆ ಹಸಿರು ಮಾರ್ಕರಿನ ಅಂಕಿ;
ಐದಕ್ಕೆ ಬರುವಾಗ ಶಾಯಿ ತೀರಿ
ಉಗುಳು ಹಚ್ಚಿ ಬರೆದ.

ಹಳೇ ಬನಿಯನ್ನಿನಲ್ಲಿ ಸುತ್ತಿಕೊಂಡು
ದೊಲೋನ್ ಘಾಟಿ ದಾಟಿ ನರೀನಿಗೆ ಬಂದವು
ವ್ಯಾನಿನ ಸೀಟಿನಡಿ, ಕುರಿಬಾಲದ ಕೊಬ್ಬಿನ ಪಕ್ಕ.

ಶಾಲೆಗೆ ಒಂದೇ ಕಂಪ್ಯೂಟರು.
ಗಣಿತದ ಬೂಬೂಸಾರಾ ಕೋಟು ಬಿಚ್ಚದೆ ಕೂತಳು.
ಒಂದು ನುಂಗಿತು. ಎರಡು ನುಂಗಿತು.
ಮೂರಕ್ಕೆ ಕೆಮ್ಮಿ, ನುಂಗಿತು.
ನಾಲ್ಕು ಮುಗಿಯುವಾಗ ಕಿಟಕಿಯಲ್ಲಿ ಕತ್ತಲು.

ಐದು ಹಾಕಿ, ಎಂದಿತು. ಹಾಕಿದಳು.
ಐದು ಹಾಕಿ, ಎಂದಿತು.
ಕೊಬ್ಬಿನ ಜಿಡ್ಡೋ, ಗೀರೋ—
ಶಾಲಿನ ತುದಿಯಲ್ಲಿ ಒರೆಸಿದಳು, ಉಸಿರೂದಿ ಒರೆಸಿದಳು.
ಐದು ಹಾಕಿ.
ತಪ್ಪು ಉತ್ತರಕ್ಕೆ ತರಗತಿಯಲ್ಲಿ
ಅವಳೆಂದೂ ತೋರದ ವಿನಯ.

ಆರನೆಯದು ಮೇಜಿನ ಮೇಲೆ, ನೆಟ್ಟಗೇ ಇದೆ,
ದಿಬ್ಬಣದ ಬಸ್ಸು ಕೆಟ್ಟಿದೆಯೆಂದು ಕೇಳಿಯೂ
ಪಂಕ್ತಿಯಿಂದೇಳದ ನೆಂಟನ ಹಾಗೆ.

ವ್ಯಾನು ಇನ್ನು ಗುರುವಾರ.
ಆರಿಸಿದರೆ ಮತ್ತೆ ಮೊದಲಿಂದ. ಆರಿಸಲಿಲ್ಲ.
ಕಾವಲಿನ ಮಾಮಿರ್ ಅಜ್ಜನಿಗೆ ಹೇಳಿ ಹೋದಳು:
ಕೇಳುತ್ತಲೇ ಇರಲಿ, ಏನೂ ಒತ್ತಬೇಡಿ.

ಮೂರು ರಾತ್ರಿ ಆತ
ಆ ನೀಲಿ ಬೆಳಕಿಗೆ ಕುರ್ಚಿ ಎಳೆದುಕೊಂಡು
ಕಾಲುಚೀಲದ ತೂತು ಹೊಲಿದ.