ಎಳೆಯಿರಿ, ಬಿಡಿ

ಉಚ್ಚಿಲದ ಹತ್ತಿರ ಕಾಲಿನಡಿ ಏನೋ ಪಟ್ ಎಂದಿತು.
ತುಳಿದ ಪೆಡಲು ಹಾಗೇ ಮಲಗಿತು, ಮೇಲೇಳಲಿಲ್ಲ.
ಅಪ್ಪ ಬಿಟ್ಟುಹೋದ ಹಳೇ ಮಾರುತಿ, ನನಗಿಂತ ಎರಡು ವರ್ಷ ಚಿಕ್ಕದು,
ಹೆದ್ದಾರಿ ಬದಿಯ ಹೊಯ್ಗೆಯಲ್ಲಿ ನಿಂತುಬಿಟ್ಟಿತು
ಮಿಠಾಯಿ ಅಂಗಡಿಯ ಮುಂದೆ ಹಟ ಹಿಡಿದ ಮಗುವಿನ ಹಾಗೆ.

ಹಿಂದಿನ ಸೀಟಿನಲ್ಲಿ ತಂಗಿಯ ಮಗಳ ತೊಟ್ಟಿಲು,
ಬಿಚ್ಚಿ ಕಟ್ಟಿದ್ದು, ಎರಡು ಕಾಲು ಕಿಟಕಿಯಿಂದ ಹೊರಗೆ.
ನಾಳೆ ಹತ್ತಕ್ಕೆ ಉಡುಪಿಯಲ್ಲಿ ಹೆಸರಿಡುವುದು.
ಯಾವ ಹೆಸರೆಂದು ಇನ್ನೂ ಯಾರೂ ಒಪ್ಪಿಲ್ಲ, ಅದು ಬೇರೆ ಮಾತು.

ಲಾರಿಗಳು ಹೋದವು. ಒಂದೊಂದು ಹೋದಾಗಲೂ
ಕಾರು ಸಣ್ಣಗೆ ನಡುಗಿ ಸುಮ್ಮನಾಯಿತು.
ಮೆಕ್ಯಾನಿಕ್ಕಿನ ನಂಬರು ಒತ್ತಿದೆ, ಮತ್ತೆ ಒತ್ತಿದೆ.
ಚಂದಾದಾರರು ಸಿಗುತ್ತಿಲ್ಲ ಎಂದಳು ಅವಳು,
ಹತ್ತನೆಯ ಸಲವೂ ಬೇಸರವಿಲ್ಲದೆ.

ಮೊದಲು ಬಂದದ್ದು ಒಂದು ಸ್ಟೂಲು.
ಅದರ ಹಿಂದೆ ಚಹಾದಂಗಡಿಯ ಮೈಮೂನಾ.
"ಕೂತ್ಕೊಳ್ಳಿ ಮಾರಾಯ್ರೆ, ನೀವು ನಿಂತರೆ ಕಾರು ಹೊರಡ್ತದಾ?"
ಆಮೇಲೆ ರಸ್ತೆಯಾಚೆಗಿನ ಬಲೆಯ ಶೆಡ್ಡಿಗೆ ಒಂದು ಕೂಗು.

ಶೀನ ತಿಂಗಳಾಯರು ಎದ್ದು ಬಂದರು, ಹಲ್ಲಲ್ಲಿ ನೂಲು ಕಚ್ಚಿಕೊಂಡೇ.
ತನಗೆ ಕಾರು ಬಿಡಲು ಬರುವುದಿಲ್ಲ ಎಂದರು. ಸೈಕಲ್ಲೂ ಇಲ್ಲ.
ಅರುವತ್ತೆಂಟು ವರ್ಷ, ನೀರಲ್ಲಿಲ್ಲದಾಗ ನಡೆದದ್ದೇ.
ಬಾನೆಟ್ಟಿನೊಳಗೆ ಬಗ್ಗಿ, ತುಂಡಾದ ಕೇಬಲ್ಲಿನ ತುದಿಯನ್ನು
ಮೀನಿನ ಕಿವಿರು ಬಿಡಿಸಿ ನೋಡುವ ಹಾಗೆ ನೋಡಿದರು.
"ಇದನ್ನು ಎಳೆದರೆ ಓಡ್ತದೆ, ಬಿಟ್ಟರೆ ನಿಲ್ತದೆ, ಅಲ್ವಾ?"
ಅಷ್ಟೇ, ಎಂದೆ.
"ಹಾಗಾದರೆ ಇದೂ ಬಲೆಯೇ."

ನೈಲಾನ್ ನೂಲು, ಹಸಿರು. ಎರಡು ಗಂಟು.
ಬಾನೆಟ್ಟಿನ ಸಂದಿಯಿಂದ ಹೊರಗೆ, ಕಿಟಕಿಯಿಂದ ಒಳಗೆ.
ನನ್ನ ಎಡಕ್ಕೆ ಕೂತು, ತುದಿಯನ್ನು ಬೆರಳಿಗೆ ಸುತ್ತಿ,
"ಪೋಯಿ" ಎಂದರು.

ಸ್ಟಿಯರಿಂಗು ನನ್ನದು, ಬ್ರೇಕು ನನ್ನದು,
ವೇಗ ಮಾತ್ರ ಗುರುತಿಲ್ಲದ ಒಬ್ಬರ ಎಡಗೈಯಲ್ಲಿ.
ಎಳೆಯಿರಿ, ಎಂದೆ. ಎಂಜಿನ್ನು ಕಿರುಚಿತು.
ಬಿಡಿ, ಬಿಡಿ! ಗೇರು ಹಾಕಬೇಕು.
ಎಳೆಯಿರಿ.
ಸ್ವಲ್ಪ ಬಿಡಿ.
ಹಿಂದಿನ ಬಸ್ಸಿನವನು ಹಾರ್ನಿನಲ್ಲೇ ನಮ್ಮ ಕುಲವನ್ನೆಲ್ಲ ವಿಚಾರಿಸಿದ.
ಮೂಳೂರಿನ ಹೊತ್ತಿಗೆ ನಾನು ಹೇಳುವುದೇ ಬೇಕಾಗಲಿಲ್ಲ,
ಕ್ಲಚ್ಚಿಗೆ ಹೊರಟ ನನ್ನ ಮೊಣಕಾಲು ಕಂಡೇ ನೂಲು ಸಡಿಲವಾಗುತ್ತಿತ್ತು.

ಒಮ್ಮೆ ಹಿಂದೆ ತಿರುಗಿ ತೊಟ್ಟಿಲು ನೋಡಿದರು.
"ಅಮ್ಮ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಬಲೆ ಹೆಣೀತಿದ್ಳು.
ಅವಳಿಗೆ ತೂಕಡಿಕೆ ಬಂದರೆ ನನಗೆ ಎಚ್ಚರ."
ಮತ್ತೆ ಕಾಪುವರೆಗೆ ಮಾತಿಲ್ಲ.

ಗ್ಯಾರೇಜಿನ ಶಟರು ಅರ್ಧ ಇಳಿದಿತ್ತು. ಹುಡುಗ ನೂಲು ನೋಡಿ ನಕ್ಕ.
ಐನೂರರ ನೋಟು ಚಾಚಿದೆ.
"ಬೊಡ್ಚಿ."
ಜೇಬಿಗೆ ತುರುಕಲು ಹೋದೆ, ಜೇಬನ್ನೇ ಮುಚ್ಚಿ ಹಿಡಿದರು.
ಬೆರಳ ಸುತ್ತ ನೂಲು ಕೊರೆದ ಕೆಂಪು ಗೆರೆ.
"ನೂಲು ಮಾತ್ರ ಕೊಡಿ. ಎರಡು ಮಾರು ಉಂಟು, ನಾಳೆಗೆ ಬೇಕು."
ಹುಡುಗ ಕತ್ತರಿ ತಂದ. ಬೇಡವೆಂದು ಗಂಟನ್ನು ಉಗುರಲ್ಲೇ ಬಿಡಿಸಿ,
ಅಂಗೈಗೆ ಸುತ್ತಿ, ಆಯಿಲಿನ ವಾಸನೆ ಮೂಸಿ, ಮುಖ ಕಿವುಚಿ,
ಆ ಜೇಬಿಗೇ ಹಾಕಿಕೊಂಡರು.
ಹೇಗೆ ಹೋಗ್ತೀರಿ ಎಂದರೆ ಕಾಲು ತೋರಿಸಿದರು.
ಎದುರು ಬರುವ ದೀಪಗಳಲ್ಲಿ ಅವರ ನೆರಳು
ಉದ್ದವಾಗಿ ನನ್ನವರೆಗೆ ಬಂತು, ಹೋಯಿತು, ಮತ್ತೆ ಬಂತು.

ಮಗುವಿಗೆ ಕೊನೆಗೂ ಒಂದು ಹೆಸರು ಸಿಕ್ಕಿತು.
ಊಟಕ್ಕೆ ಕುರ್ಚಿ ಸಾಲದೆ ಡಿಕ್ಕಿ ತೆರೆದರೆ
ಒಳಗೆ ಮೈಮೂನಾರ ಸ್ಟೂಲು,
ಗಡಿಬಿಡಿಯಲ್ಲಿ ಯಾರು ಇಟ್ಟರೋ.
ದೊಡ್ಡಮ್ಮ ಅದರ ಮೇಲೆ ಕೂತು ತೊಟ್ಟಿಲ ಹಗ್ಗ ಎಳೆದು, ಬಿಟ್ಟು,
ಎಳೆದು, ಕೇಳಿದರು:
"ಒಳ್ಳೆ ಗಟ್ಟಿ ಉಂಟಲ್ಲ, ಯಾರದ್ದಿದು?"