ಅಳು ಕಲಿಸುವವಳು

ಕೂತ್ಕೋ ಹುಡುಗಿ, ಬೆನ್ನು ನೆಟ್ಟಗಿರಲಿ.
ಅಳುವುದೆಂದರೆ ಮೂಗು ಸುರಿಸುವುದಲ್ಲ.
ಉಸಿರನ್ನು ಕಿಬ್ಬೊಟ್ಟೆಯಿಂದ ಎತ್ತಿ
ಗಂಟಲ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲಿಸಿ
ಆಮೇಲೆ ಬಿಡಬೇಕು,
ಯೋಶುಯಿ ಹೊಳೆ ಬಂಡೆ ಬಳಸಿ ಧುಮುಕುವ ಹಾಗೆ.

ನಮ್ಮ ತುಜಿಯಾ ಮನೆಗಳಲ್ಲಿ
ಹನ್ನೆರಡು ತುಂಬಿದರೆ ಮಗ್ಗ, ಮಗ್ಗದ ಜೊತೆಗೆ ಅಳು.
ಎರಡೂ ಬಾರದವಳನ್ನು ದಡ್ಡಿ ಅನ್ನುತ್ತಿದ್ದರು,
ಬೀಗಿತ್ತಿಯರ ಎದುರಿಗೇ.

ಮದುವೆಗೆ ತಿಂಗಳಿರುವಾಗ ಶುರು.
ಮೊದಲು ಅಮ್ಮನಿಗೆ: ಹಾಲಿನ ಸಾಲ ಹೇಗೆ ತೀರಿಸಲಿ ಎಂದು.
ಆಮೇಲೆ ಅಣ್ಣನಿಗೆ: ಹೊಲ ನಿನಗೆ, ದಾರಿ ನನಗೆ ಎಂದು.
ಕಡೆಗೆ ಮದುವೆ ಕುದುರಿಸಿದವಳಿಗೆ.
ಅವಳಿಗೆ ಅಳು ಅಲ್ಲ, ಅಪ್ಪಟ ಬೈಗುಳ:
ಎರಡು ಮನೆಯ ಹಂದಿಕಾಲು ತಿಂದು
ಕೊಬ್ಬಿದ ನಾಲಗೆಯವಳೇ!
ಅವಳು ತಲೆ ತಗ್ಗಿಸಿ ನಗುತ್ತಾ ಕೇಳಿಸಿಕೊಳ್ಳಬೇಕು.

ಹುಟ್ಟಿದಾಗಿನಿಂದ ಬಾಯಿ ಮುಚ್ಚು ಅನ್ನಿಸಿಕೊಂಡವಳಿಗೆ
ಆ ಒಂದು ತಿಂಗಳು ಬೀಗವಿಲ್ಲ.
ಯಾರು ಕಂಡುಹಿಡಿದರೋ.
ಗಂಡಸರಂತೂ ಇರಲಾರರು.

ಕಾಡಿಗೆ ಕರಗುತ್ತೆ ಅಜ್ಜಿ, ಅನ್ನುತ್ತೀ.
ಫೋಟೋದವನು ಗೊಣಗುತ್ತಾನೆ, ಅನ್ನುತ್ತೀ.
ಅವನು ನನಗಿಷ್ಟ, ನಾನೇ ಹುಡುಕಿಕೊಂಡದ್ದು,
ಅಳು ಎಲ್ಲಿಂದ ತರಲಿ?

ಕೇಳು. ನನ್ನ ಮದುವೆಯಲ್ಲಿ ಅಳು ಇರಲಿಲ್ಲ.
ಅರವತ್ತೇಳನೆಯ ಇಸವಿ.
ಹಳೆಯದೆಲ್ಲ ವಿಷ ಎಂದು ಪಲ್ಲಕ್ಕಿಯನ್ನು ಸೌದೆ ಮಾಡಿದ್ದರು.
ಗೋಡೆಯ ಚಿತ್ರಕ್ಕೆ ಮೂರು ಸಲ ಬಾಗಿ
ಸೂರ್ಯಕಾಂತಿ ಬೀಜ ಹಿಡಿಹಿಡಿ ಹಂಚಿ
ನಡೆದೇ ಹೋದೆ ಗಂಡನ ಊರಿಗೆ, ಒಣಗಣ್ಣಲ್ಲಿ.
ಹಿಂದಿನ ರಾತ್ರಿ ಅಮ್ಮ, ಇಬ್ಬರಿಗೂ ಒಂದೇ ರಜಾಯಿ ಹೊದಿಸಿ,
ಕಿವಿಯೊಳಗೆ ಸುರಿದಿದ್ದಳು ಇಡೀ ತಿಂಗಳ ಅಳುವನ್ನು,
ದನಿಯೇ ಇಲ್ಲ, ಬರೀ ಬಿಸಿಯುಸಿರು.
ಅದನ್ನೇ ಊರ ಹುಡುಗಿಯರಿಗೆಲ್ಲ ಹಂಚುತ್ತಾ ಬಂದೆ.
ನನಗೆಂದು ಒಂದು ಹನಿಯೂ ಖರ್ಚಾಗಿಲ್ಲ.

ಹೋಗಲಿ. ಕೊನೆಯ ದಿನದ ಪಾಠ.
ಒಂಬತ್ತು ಗೆಳತಿಯರು, ನಿನ್ನ ಸೇರಿ ಹತ್ತು, ರಾತ್ರಿಯಿಡೀ.
ಬೆಳಗಿನ ಜಾವ ಅಣ್ಣ ಬೆನ್ನ ಮೇಲೆ ಹೊರುತ್ತಾನೆ.
ಕೈಗೆ ಒಂದು ಹಿಡಿ ಊಟದ ಕಡ್ಡಿ ಕೊಡುತ್ತಾರೆ,
ತಲೆಯ ಮೇಲಿಂದ ಹಿಂದಕ್ಕೆ ಎಸೆ.
ತವರಿನ ಅನ್ನ ತವರಿಗೇ.
ತಿರುಗಿ ಮಾತ್ರ ನೋಡಬಾರದು.

ಸುಯುನ್ ಎಸೆದಳು, ಅಭ್ಯಾಸಕ್ಕೆಂದು.
ಕಡ್ಡಿಗಳು ನೆಲದ ತುಂಬಾ ಚೆಲ್ಲಿದವು,
ಒಂದು ಉರುಳುರುಳಿ ನನ್ನ ಕಾಲಿಗೆ ತಾಗಿ ನಿಂತಿತು.
ಬಗ್ಗಿ ಎತ್ತಿಕೊಂಡೆ. ಎತ್ತಿಕೊಂಡು, ಹಾಗೇ ಇದ್ದೆ.

ಅವಳು ತಿರುಗಿ ನೋಡಿಬಿಟ್ಟಳು.
ನನ್ನ ಮುಖದಲ್ಲಿ ಏನು ಕಂಡಳೋ,
ಮೆಲ್ಲಗೆ ಪಕ್ಕಕ್ಕೆ ಬಂದು ಕೂತು
ಬೆನ್ನು ನೆಟ್ಟಗೆ ಮಾಡಿಕೊಂಡು
ಅಜ್ಜಿ, ಮೊದಲು ನೀವು, ಅಂದಳು.