ಮಳಿಗಾಲದ ಭಾವ

ಇಪ್ಪತ್ತೆರಡು ವರ್ಷ ಕಲಬುರಗಿ ಗಂಜಿನಾಗ,
ಅಡತಿ ಅಂಗಡಿಯ ಖಾತೆ ಪುಸ್ತಕದ ಮುಂದ ಕುಂತಾಕಿ ನಾನು.
ತೊಗರಿ ಯಾವಾಗ ಏರತದ, ಯಾವಾಗ ನೆಲಾ ಹಿಡೀತದ,
ಧೂಳಿನ ವಾಸನಿ ಮ್ಯಾಲೇ ಹೇಳತೀನಿ.

ನಮ್ಮ ಮಾವನ ಕಾಲಕ್ಕ ಭಾವ ಹೇಳತಿರಲಿಲ್ಲ, ಮುಟ್ಟತಿದ್ದರು:
ಟಾವೆಲ್ಲಿನ ಕೆಳಗ ಕೈಯಾಗ ಕೈ,
ಒಂದು ಬೆರಳು ನೂರು, ಅರ್ಧ ಬೆರಳು ಐವತ್ತು.
ಪಕ್ಕದಾಗ ನಿಂತವಗೂ ಸುಳಿವಿಲ್ಲ.

ಈಗ ಸೂಪರ್ ಮಾರ್ಕೆಟ್ಟಿನ ಮಾಳಿಗಿ ಮ್ಯಾಲ
ಟ್ರಾವೆಲ್ಸಿನ ಮುಜೀಬ ಮೊಬೈಲು ತಿರುಗಿಸಿ ತೋರಸತಾನ:
‘ವಿಯೆಟ್ನಾಮ್. ಐದು ರಾತ್ರಿ. ಎಲ್ಲಾ ಸೇರಿ, ಮೇಡಂ.’
ಎಲ್ಲಾ ಅಂದರ ಏನೇನಪಾ?
ತೊಗರಿ ಚೀಲಕ್ಕೂ ಹಂಗೇ ಅಂತಾರ,
ಜರಡಿ ಹಿಡಿದರ ಕಲ್ಲು, ಕಡ್ಡಿ, ತೇವ.
ಅವನೂ ಜರಡಿ ಹಿಡಿದ:
ವೀಸಾ ಬ್ಯಾರೆ. ಬ್ಯಾಗು ಬ್ಯಾರೆ. ಕಿಟಕಿ ಸೀಟು ಬ್ಯಾರೆ.
ಮಧ್ಯಾಹ್ನದ ಊಟ, ಅದೂ ಬ್ಯಾರೆ.
ಉಳಿದದ್ದು ಐದು ರಾತ್ರಿ;
ಅದರಾಗ ಒಂದು ವಿಮಾನದಾಗೇ ಹೋತು.

‘ದಸರಾ ರಜಾ ಅಲ್ರಿ, ಹಂಗಾಗಿ ತುಟ್ಟಿ.’
ಗೊತ್ತದ. ತೊಗರಿ ಎಲ್ಲಾ ಒಮ್ಮೆಗೇ ಬಂದರ ಸಸ್ತಾ,
ಮಂದಿ ಎಲ್ಲಾ ಒಮ್ಮೆಗೇ ಬಂದರ ತುಟ್ಟಿ.
ನನಗ ಸಾಲಿಗೆ ಹೋಗೋ ಮಕ್ಕಳಿಲ್ಲ.
ಈ ಮಾತು ಬಂದಾಗೆಲ್ಲಾ ಎದುರಿನವರು ತಲಿ ತಗ್ಗಸತಾರ.
ಮೊದಲ ಸಲ ಅದು ನನಗ ರಿಯಾಯಿತಿ ಆತು.

ಆವತ್ತಿನಿಂದ ದಿನಾ ಮುಂಜಾನಿ
ತೊಗರಿ ಭಾವದ ಕೆಳಗ ಇನ್ನೊಂದು ಸಾಲು ಬರದೆ:
ಹೈದರಾಬಾದದಿಂದ, ಹೋಗಿ ಬರೋದು.
ಮಂಗಳವಾರ ಇಳೀತು. ಶುಕ್ರವಾರ ಜಿಗೀತು.
ಸಾವಕಾರ್ರು ಹಾಳಿ ತಿರುವಿ, ‘ಇದ್ಯಾವ ಬ್ಯಾಳಿ, ಮಹಾನಂದಾ?’
‘ಹಾರೋ ಬ್ಯಾಳಿ ಅದರಿ.’

ಒಂದಿನ ಬಿತ್ತು. ದೀಪಾವಳಿ ದಾಟಿದ ವಾರ,
ಅರ್ಧಕ್ಕ ಅರ್ಧ.
ನೆಗೆಣ್ಣಿ ಜಗದೇವಿನ್ನ ಕರಕೊಂಡು ಮತ್ತ ಮಾಳಿಗಿ ಏರಿದೆ.
ಮುಜೀಬ ತಲಿ ಕೆರಕೊಂಡ: ‘ಬ್ಯಾಡ್ರಿ ಮೇಡಂ,
ಅಲ್ಲಿ ಅವಾಗ ಮಳಿ. ಹಗಲೂ ಮಳಿ, ರಾತ್ರಿನೂ ಮಳಿ.
ಅದಕ್ಕೇ ಸಸ್ತಾ ಮಾಡ್ಯಾರ.’

ಹೊರಗ ಜೂನಿನ ಬಿಸಲು,
ರಸ್ತೆದ ಡಾಂಬರು ಚಪ್ಪಲಿಗೆ ಅಂಟತಿತ್ತು.
ಅವನ ಕೂಲರು ಬಿಸಿ ಗಾಳಿನೇ ತಿರುವಿ ತಿರುವಿ ಕೊಡತಿತ್ತು.
ಮಳಿ ಅದ ಅಂತ ರೊಕ್ಕ ಕಡಿಮಿ ಮಾಡ್ಯಾರಂತ!
ಯಾರಿಗೆ? ನಮಗ!

ಜಗದೇವಿ ಸೀರಿ ಸೆರಗಿಲೆ ಕುತಗಿ ಒರಸಿಕೊಂಡು
ಮೆಲ್ಲಕ ಕೇಳಿದಳು:
‘ಮಳಿಗೆ ಬ್ಯಾರೆ ರೊಕ್ಕ ಇಲ್ಲ, ಹೌದಲ್ರಿ?’
ಅವ ನಗಲಿಲ್ಲ. ಖರೇನೇ ಮೊಬೈಲು ನೋಡಿದ.
‘ಇಲ್ಲರಿ. ಸೇರೇ ಅದ.’

ಹೊರಡೋ ದಿನ ಗಂಜಿನ ಕಾಟಾದ ಮ್ಯಾಲ
ಹಮಾಲ ಸಾಯಬಣ್ಣ ನನ್ನ ಕೈಚೀಲ ಇಟ್ಟ.
ಏಳು ಕಿಲೋ ಮುನ್ನೂರು. ಏಳು ದಾಟಿದರ ದಂಡ.
‘ಶೇಂಗಾ ಹಿಂಡಿ ತಗೀಲೇನ್ರಿ ಅಕ್ಕಾರ?’
ಅದನ್ನ ಮುಟ್ಟಬ್ಯಾಡ, ಅಂದೆ.

ಛತ್ರಿ ತಗದು ತೊಗರಿ ಚೀಲದ ಮ್ಯಾಲ ಇಟ್ಟು
ಸ್ಟೇಷನ್ನಿಗೆ ನಡದೆ.